ಏಳನೇ ಬೋರ್ಡು

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಬಾಗಿಲು ತಟ್ಟಿದ ಹುಡುಗಿಯ ಕೊರಳಲ್ಲಿ ಗುರುತಿನ ಚೀಟಿ ತೂಗುತ್ತಿತ್ತು. ಯಜಮಾನರು ಅದನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಹಾಕಿ, ಚೀಟಿಯ ಫೋಟೋವನ್ನೂ ಹುಡುಗಿಯ ಮುಖವನ್ನೂ ಮೂರು ಸಲ ತಾಳೆ ನೋಡಿ, ಹಿಂಬದಿ ತಿರುಗಿಸಿ, ಅವಧಿ ಯಾವತ್ತಿಗೆ ಮುಗಿಯುತ್ತದೆಂದು ಓದಿ, ಆಮೇಲೆ "ಏನು?" ಅಂದರು.

"ಆರೋಗ್ಯ ಇಲಾಖೆಯಿಂದ ಬಂದಿದೀನಿ ಅಂಕಲ್. ಅರವತ್ತೈದು ದಾಟಿದವರನ್ನ ಕೆಲವು ಪ್ರಶ್ನೆ ಕೇಳಬೇಕು. ಸಮೀಕ್ಷೆ."

"ಏನು ಮಾರೋದಿದೆ?"

"ಏನೂ ಇಲ್ಲ ಅಂಕಲ್. ಬರೀ ಪ್ರಶ್ನೆ."

ಬರೀ ಪ್ರಶ್ನೆ ಕೇಳಿಕೊಂಡು ಮೂರು ಮಹಡಿ ಹತ್ತುವವರು ಯಾರಿದ್ದಾರೆ ಈ ಕಾಲದಲ್ಲಿ! ಆದರೂ ಒಳಗಿನಿಂದ ಹೆಂಡತಿ "ಯಾರದು? ಪಾಪ, ಕೂರಿಸ್ರೀ" ಎಂದು ಕೂಗಿದ್ದರಿಂದ ಬಾಗಿಲು ಬಿಡಬೇಕಾಯಿತು.

ಅವರನ್ನು ಬೀದಿಯವರೆಲ್ಲ ಟಿಸಿ ಯಜಮಾನರು ಅನ್ನುತ್ತಿದ್ದರು. ಮೂವತ್ತನಾಲ್ಕು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು, ಈಗ ಎಪ್ಪತ್ತನಾಲ್ಕು. ಕೋಟು ಬಿಚ್ಚಿ ಹದಿನಾಲ್ಕು ವರ್ಷ ಕಳೆದರೂ ಕಣ್ಣು ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು. ಟಿಕೆಟ್ ಇಲ್ಲದವನ ಮುಖ ನೋಡಬಾರದು, ಕೈ ನೋಡಬೇಕು ಎನ್ನುವುದು ಅವರ ಸಿದ್ಧಾಂತ. ಮುಖ ಸುಳ್ಳು ಹೇಳುವುದನ್ನು ಕಲಿತಿರುತ್ತದೆ, ಕೈ ಕಲಿತಿರುವುದಿಲ್ಲ. ಹಾಲಿನವನ ಕೈ, ಅಂಚೆಯವನ ಕೈ, ಕೆಳಗಿನ ಮನೆಗೆ ಬರುವ ನೆಂಟರ ಕೈ, ಎಲ್ಲವನ್ನೂ ಅವರು ಬಾಲ್ಕನಿಯಿಂದಲೇ ತಪಾಸಣೆ ಮಾಡಿ ಒಳಗೆ ಬಿಡುತ್ತಿದ್ದರು. "ದೇವರೇ ಬಂದ್ರೂ ನಿಮ್ಮ ಯಜಮಾನ್ರು ಐಡಿ ಕಾರ್ಡ್ ಕೇಳ್ತಾರೆ ಕಣೆ" ಎಂದು ಹೆಂಡತಿಯ ಗೆಳತಿಯರು ನಗುವುದು ಅವರ ಕಿವಿಗೂ ಬಿದ್ದಿತ್ತು. ಕೇಳಿದರೆ ತಪ್ಪೇನು ಎಂದು ಅವರಿಗೆ ಇವತ್ತಿಗೂ ಅರ್ಥವಾಗಿರಲಿಲ್ಲ.

ಹುಡುಗಿ ಗಂಡ ಹೆಂಡತಿಯನ್ನು ಬೇರೆ ಬೇರೆಯಾಗಿ ಕೇಳಬೇಕೆಂದಳು. ಮೊದಲು ಯಜಮಾನರ ಸರದಿ. ನಿದ್ದೆ, ಹಸಿವು, ಮಂಡಿನೋವು ಎಲ್ಲ ಆಯಿತು.

"ನಿಮಗೆ ಕಷ್ಟ ಅಂತ ಬಂದ್ರೆ ಮನಸು ಬಿಚ್ಚಿ ಹೇಳ್ಕೊಳ್ಳೋಕೆ ಎಷ್ಟು ಜನ ಇದಾರೆ ಅಂಕಲ್?"

"ಒಬ್ಬಳು. ನನ್ನ ಹೆಂಡತಿ."

"ಇನ್ಯಾರಾದ್ರೂ? ಸ್ನೇಹಿತರು? ಜೊತೇಲಿ ಕೆಲಸ ಮಾಡಿದವರು?"

ಯಜಮಾನರು ಯೋಚಿಸಿದರು. ಜೊತೆಯಲ್ಲಿ ಕೆಲಸ ಮಾಡಿದವರು ನಾನೂರು ಜನ ಇದ್ದರು. ಅವರಲ್ಲಿ ಒಬ್ಬನ ಮನೆಯ ಬಾಗಿಲಿನ ಬಣ್ಣವೂ ಅವರಿಗೆ ಗೊತ್ತಿರಲಿಲ್ಲ. "ಬೇಡ, ಒಬ್ಬಳೇ ಸಾಕು. ಮಕ್ಕಳಿಲ್ಲ ನಮಗೆ. ನನಗೆ ಅವಳು, ಅವಳಿಗೆ ನಾನು. ಅವಳಿಗೆ ಗರ್ಭಕೋಶದ ಆಪರೇಷನ್ ಆದಾಗ ಮೂರು ದಿನ ನನ್ನ ಗಂಟಲಲ್ಲಿ ಒಂದು ತುತ್ತು ಇಳಿದಿರಲಿಲ್ಲ. ಅದನ್ನೂ ಬರ್ಕೋ."

"ಅದಕ್ಕೆ ಇದರಲ್ಲಿ ಜಾಗ ಇಲ್ಲ ಅಂಕಲ್."

ಜಾಗ ಇಲ್ಲವಂತೆ. ಇಂಥ ಸಮೀಕ್ಷೆ ಮಾಡಿ ಯಾರನ್ನು ಉದ್ಧಾರ ಮಾಡುತ್ತಾರೋ!

ಹೆಂಡತಿಯ ಸರದಿ ಅಡುಗೆಮನೆಯಲ್ಲಿ ನಡೆಯಿತು, ಬಾಗಿಲು ಮುಂದೆ ಮಾಡಿಕೊಂಡು. ಅಡುಗೆಮನೆಗೂ ಬಚ್ಚಲಿಗೂ ನಡುವೆ ಗೋಡೆಯ ಮೇಲ್ಭಾಗದಲ್ಲಿ ಒಂದು ಗಾಳಿಕಿಂಡಿ ಇತ್ತು. ಯಜಮಾನರಿಗೆ ಆ ಹೊತ್ತಿಗೆ ಸರಿಯಾಗಿ ಕೈ ತೊಳೆಯಬೇಕೆನಿಸಿತು. ನಲ್ಲಿಯನ್ನು ತಿರುಗಿಸದೆ ಕೈ ತೊಳೆಯುತ್ತ ನಿಂತರು.

"ಎಷ್ಟು ಜನ ಆಂಟಿ?"

"ಆರು ಜನ ಇದಾರಮ್ಮ."

ಆರು! ಯಜಮಾನರು ಬೆರಳು ಮಡಿಸತೊಡಗಿದರು.

"ಹುಷಾರಿಲ್ಲ ಅಂದ್ರೆ ಮೊದಲು ಯಾರಿಗೆ ಹೇಳ್ತೀರಿ?"

"ಏಳನೇ ಬೋರ್ಡಿಗೆ." ಹುಡುಗಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ, ಹೆಂಡತಿ ನಗುತ್ತ ವಿವರಿಸಿದಳು. ಇಪ್ಪತ್ತೊಂಬತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಸಾಲಾಗಿ ಕೂತು ಟ್ರಂಕ್ ಕಾಲ್ ಜೋಡಿಸುತ್ತಿದ್ದ ಹೆಂಗಸರು ಅವರು. ಯಾರು ಯಾವ ಬೋರ್ಡಿನ ಮುಂದೆ ಕೂರುತ್ತಿದ್ದರೋ ಅದೇ ಹೆಸರು. ಹೆಂಡತಿ ಮೂರನೇ ಬೋರ್ಡು. ಬೋರ್ಡುಗಳನ್ನು ಗುಜರಿಗೆ ಹಾಕಿ ಎಷ್ಟೋ ಕಾಲವಾಗಿದ್ದರೂ ಅವರ ನಡುವಿನ ಲೈನು ಕಡಿದಿರಲಿಲ್ಲ.

ಏಳು, ಹನ್ನೊಂದು, ಎರಡು, ಐದು, ಒಂಬತ್ತು, ಹೂವಿನ ಅಂಗಡಿಯ ಆಕೆ. ಆರು ಬೆರಳು ಮಡಿಸಿ ಆಯಿತು. ಯಜಮಾನರು ಏಳನೆಯ ಬೆರಳನ್ನು ಹಿಡಿದುಕೊಂಡೇ ಕಾದರು. ಹುಡುಗಿಯೇ ಕೇಳಿದಳು: "ಅಂಕಲ್?"

ಹೆಂಡತಿ ಏನೋ ಅಂದಳು, ಬಹಳ ಮೆಲ್ಲಗೆ. ಆಮೇಲೆ ಇಬ್ಬರೂ ನಕ್ಕರು.

"ಕಳೆದ ಒಂದು ತಿಂಗಳಲ್ಲಿ ಯಾರದಾದ್ರೂ ಸಹಾಯ ಬೇಕಾಗಿತ್ತಾ?"

"ಬೇಕಾಗಿತ್ತು. ಎರಡು ಸಲ."

ಬಚ್ಚಲಲ್ಲಿ ನಿಂತಿದ್ದವರು ಮಡಿಸಿದ ಬೆರಳನ್ನೆಲ್ಲ ಬಿಚ್ಚಿ ಮತ್ತೆ ಎಣಿಸತೊಡಗಿದರು. ಈ ಒಂದು ತಿಂಗಳಲ್ಲಿ ಅವಳು ಅವರನ್ನು ಕೇಳಿದ್ದು ಒಂದೇ ಸಹಾಯ, ಬಲ್ಬು ಬದಲಿಸುವುದು. ಅದು ಒಂದು ಸಲ. ಮತ್ತೆ ಎರಡು ಸಲ ಯಾವುದು?

ಹುಡುಗಿ ಹೋದ ಮೇಲೆ ಯಜಮಾನರು ಪೇಪರು ಓದುತ್ತ ಕೂತರು. ಒಂದೇ ಪುಟವನ್ನು ಒಂದು ಗಂಟೆ ಓದಿದರು. ಹೆಂಡತಿಯ ಮುಖ ನೋಡಲಿಲ್ಲ, ಕೈ ನೋಡಿದರು. ಬೀನ್ಸ್ ಕತ್ತರಿಸುತ್ತಿದ್ದ ಕೈ ಆಗಾಗ ನಿಲ್ಲುತ್ತಿತ್ತು. ನಿಂತು, ಮತ್ತೆ ಕತ್ತರಿಸುತ್ತಿತ್ತು. ಕೈಗೆ ಸುಳ್ಳು ಹೇಳೋದು ಬರುವುದಿಲ್ಲ.

"ಏನ್ರೀ ಹಾಗೆ ನೋಡ್ತೀರಿ?"

"ಏನಿಲ್ಲ. ನೀನ್ಯಾಕೆ ಕೇಳ್ತೀಯ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಇದು ಎಂದುಕೊಂಡರು. ಮಧ್ಯಾಹ್ನ ಅವಳು ಒಂದು ಗಳಿಗೆ ಅಡ್ಡಾದಾಗ ಅವಳ ಕೈಚೀಲ ತೆಗೆದರು. ನಲವತ್ತಾರು ವರ್ಷದ ಸಂಸಾರದಲ್ಲಿ ಆ ಚೀಲಕ್ಕೆ ಕೈ ಹಾಕಿದ್ದು ಅದೇ ಮೊದಲು. ಅದಕ್ಕೆ ನಾಚಿಕೆಯೂ ಆಯಿತು. ನಾಚಿಕೆ ಆದದ್ದರಿಂದ ಇನ್ನಷ್ಟು ಬೇಗ ಹುಡುಕಿದರು.

ಕರವಸ್ತ್ರ, ಬೀಗದಕೈ, ಮಾತ್ರೆ ಡಬ್ಬಿ, ಎರಡು ಬಸ್ ಟಿಕೆಟ್. ಟಿಕೆಟ್ ಕಂಡ ತಕ್ಷಣ ಅವರ ಕೈ ತಾನಾಗಿ ಬೆಳಕಿನ ಕಡೆಗೆ ತಿರುಗಿತು. ನಿನ್ನೆ ಮಂಗಳವಾರದ್ದು. ಮೂರನೇ ಸ್ಟೇಜಿನಿಂದ ಒಂಬತ್ತನೇ ಸ್ಟೇಜಿಗೆ. ಮತ್ತೆ ಒಂಬತ್ತರಿಂದ ಮೂರಕ್ಕೆ. ನಿನ್ನೆ ಅವಳು ಹೋಗಿದ್ದು ಏಳನೇ ಬೋರ್ಡಿನ ಮನೆಗೆ, ಹಾಗೆಂದೇ ಹೇಳಿ ಹೋಗಿದ್ದಳು. ಏಳನೇ ಬೋರ್ಡಿನ ಮನೆ ಇರುವುದು ಐದನೇ ಸ್ಟೇಜಿನಲ್ಲಿ. ನಾಲ್ಕು ಸ್ಟೇಜು ಹೆಚ್ಚು! ಕಡಿಮೆ ದೂರಕ್ಕೆ ಟಿಕೆಟ್ ತಗೊಂಡು ಹೆಚ್ಚು ದೂರ ಹೋಗುವವರನ್ನು ಅವರು ಸಾವಿರಗಟ್ಟಲೆ ಹಿಡಿದಿದ್ದರು. ಮಾತಿನಲ್ಲಿ ಐದಕ್ಕೆ ಹೊರಟು ಟಿಕೆಟ್ಟಿನಲ್ಲಿ ಒಂಬತ್ತಕ್ಕೆ ಹೋದವರನ್ನು ಹಿಡಿದದ್ದು ಅದೇ ಮೊದಲು.

ಎರಡು ತಿಂಗಳಿಂದ ಅವಳು ಮಂಗಳವಾರವೋ ಶುಕ್ರವಾರವೋ ಹೀಗೆ ಹೋಗುತ್ತಿದ್ದದ್ದು ಈಗ ಒಂದೊಂದಾಗಿ ನೆನಪಾಯಿತು. ಮೆಲ್ಲಗೆ ಹಾಲ್‌ಗೆ ಬಂದು ಏಳನೇ ಬೋರ್ಡಿಗೆ ಫೋನ್ ಮಾಡಿದರು.

"ಏನಮ್ಮ, ನಿನ್ನೆ ನಮ್ಮವಳು ನಿಮ್ಮನೇಲಿ ಛತ್ರಿ ಬಿಟ್ಟು ಬಂದಿದಾಳಾ?"

ಆ ಕಡೆಯಿಂದ ಬೆಣ್ಣೆಯಲ್ಲಿ ಕೂದಲು ತೆಗೆದಂಥ ದನಿ: "ಇಲ್ವಲ್ಲ ಭಾವ. ನಿನ್ನೆ ಇಡೀ ದಿನ ಇಲ್ಲೇ ಇದ್ಲು, ಛತ್ರಿ ತಂದಿರಲೇ ಇಲ್ಲ."

ಇಡೀ ದಿನ ಎಂದು ಇವರು ಕೇಳಿರಲೇ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವವನ ಜೇಬಿನಲ್ಲಿ ಟಿಕೆಟ್ ಇರುವುದಿಲ್ಲ. "ಲೈನ್ ಬಿಜಿ ಇದೆ, ದಯವಿಟ್ಟು ಕಾಯಿರಿ" ಎಂದು ಇಪ್ಪತ್ತೊಂಬತ್ತು ವರ್ಷ ಸಕ್ಕರೆಯಂತೆ ಹೇಳಿದ ಗಂಟಲು ಅದು. ಅದರಿಂದ ನಿಜ ಹೊರಡಿಸುವುದು ಸಾಧ್ಯವಿರಲಿಲ್ಲ.

ಗುರುವಾರ ಹೆಂಡತಿ ಹೂವಿನ ಅಂಗಡಿಗೆ ಇಳಿದಾಗ ಬೀರುವಿನ ಹಿಂದೆ ಒಂದು ಬ್ಯಾಗು ಸಿಕ್ಕಿತು. ಚಿಕ್ಕದು, ನೀಲಿ. ಒಳಗೆ ಎರಡು ನೈಟಿ, ಟವೆಲು, ಬಾಚಣಿಗೆ, ಹೊಸ ಚಪ್ಪಲಿ, ಹಳೆಯ ಕನ್ನಡಕ, ಓದಲು ಒಂದು ವಾರಪತ್ರಿಕೆ. ಯಜಮಾನರು ಮಂಚದ ಅಂಚಿನಲ್ಲಿ ಕೂತುಬಿಟ್ಟರು. ಎಪ್ಪತ್ತರ ಹೆಂಗಸು ಗಂಟುಮೂಟೆ ಕಟ್ಟಿಟ್ಟಿದ್ದಾಳೆ! ಹೋದ ವರ್ಷ ಆ ಹೆಂಗಸರು ಇದೇ ಹಾಲ್‌ನಲ್ಲಿ ಕೂತು, "ನಾವೆಲ್ಲ ಒಂದು ದೊಡ್ಡ ಮನೆ ಮಾಡ್ಕೊಂಡು ಒಟ್ಟಿಗೆ ಇದ್ಬಿಡೋಣ ಕಣ್ರೇ" ಎಂದು ಕೇಕೆ ಹಾಕಿದ್ದು ನೆನಪಾಯಿತು. ಆಗ ತಮಾಷೆ ಅಂದುಕೊಂಡಿದ್ದರು. ಈಗ ಲೆಕ್ಕ ಕೂಡಿಬಂತು. ಒಂಬತ್ತನೇ ಸ್ಟೇಜಿನಲ್ಲಿ ಆ ಮನೆ ಇದೆ. ನಾನು ಎಲ್ಲಿ ತಪ್ಪಿದೆ? ಏನು ಕಡಿಮೆ ಮಾಡಿದೆ? ಹೊಡೆದವನಲ್ಲ, ಕುಡಿದವನಲ್ಲ, ಸಂಬಳ ಮುಚ್ಚಿಟ್ಟವನಲ್ಲ. ಬ್ಯಾಗನ್ನು ಇದ್ದ ಹಾಗೇ ಇಟ್ಟರು. ಚಪ್ಪಲಿಯ ಮೂತಿ ಯಾವ ಕಡೆಗಿತ್ತೋ ಅದೇ ಕಡೆಗೆ ತಿರುಗಿಸಿ ಇಟ್ಟರು.

ಅವಳು ವಾಪಸ್ ಬಂದು "ಊಟಕ್ಕೆ ಏಳ್ರೀ" ಅಂದಳು. ತಟ್ಟೆಯ ಮುಂದೆ ಕೂತು, ನೆಟ್ಟಗೆ ಕೇಳಿಬಿಡಬೇಕೆಂದು ಬಾಯಿ ತೆರೆದರು. ಕೇಳಿದರೆ ಅವಳು ಹೌದು ಅಂದುಬಿಟ್ಟರೆ? ಬಾಯಿಗೆ ತುತ್ತು ಹಾಕಿಕೊಂಡರು.

ಶುಕ್ರವಾರ ಒಂಬತ್ತೂವರೆಗೆ ಅವಳು ಶಾಲು ಹೊದ್ದು "ಏಳನೇ ಬೋರ್ಡಿನ ಮನೆಗೆ ಹೋಗಿ ಬರ್ತೀನಿ" ಎಂದು ಹೊರಟಳು. ನೀಲಿ ಬ್ಯಾಗು ತಗೊಳ್ಳಲಿಲ್ಲ. ಹಾಗಾದರೆ ಇವತ್ತಲ್ಲ. ಅವಳು ಮೆಟ್ಟಿಲಿಳಿದು ಬೀದಿ ತಿರುಗುವ ಹೊತ್ತಿಗೆ ಯಜಮಾನರು ಟೋಪಿ ಎಳೆದುಕೊಂಡು ಇನ್ನೊಂದು ಗಲ್ಲಿಯಿಂದ ಬಸ್ ನಿಲ್ದಾಣ ಸೇರಿದ್ದರು. ಅವಳು ಮುಂದಿನ ಬಾಗಿಲಲ್ಲಿ ಹತ್ತಿದಳು, ಇವರು ಹಿಂದಿನದರಲ್ಲಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು.

"ಎಲ್ಲಿಗೆ?" ಅಂದ ಕಂಡಕ್ಟರ್.

"ಕೊನೇ ಸ್ಟಾಪಿಗೆ."

"ಕೊನೇ ಸ್ಟಾಪಲ್ಲಿ ಡಿಪೋ ಬಿಟ್ರೆ ಏನೂ ಇಲ್ವಲ್ಲ ಯಜಮಾನ್ರೇ?"

"ನಿನಗ್ಯಾಕಪ್ಪ? ಕೊಡು."

ಕಂಡಕ್ಟರ್ ಅವರನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ ಟಿಕೆಟ್ ಹರಿದ. ಅವನ ಜಾಗದಲ್ಲಿದ್ದಿದ್ದರೆ ತಾವೂ ಹಾಗೇ ನೋಡುತ್ತಿದ್ದೆವೆಂದು ಯಜಮಾನರಿಗೆ ಅನಿಸದೆ ಇರಲಿಲ್ಲ.

ಐದನೇ ಸ್ಟೇಜಿನಲ್ಲಿ ಏಳನೇ ಬೋರ್ಡು ಹತ್ತಿದಳು. ಏದುಸಿರು ಬಿಡುತ್ತ ಬಂದು ಗೆಳತಿಯ ಪಕ್ಕ ಕೂತಳು. ಗಂಡ ತೀರಿಕೊಂಡು ಹತ್ತು ವರ್ಷವಾದ, ಭಾರಿ ಮೈಯ, ಭಾರಿ ದನಿಯ ಹೆಂಗಸು. ಇವತ್ತು ಆ ದನಿ ಕೇಳಿಸಲಿಲ್ಲ. ಏಳನೇ ಬೋರ್ಡು ಗೆಳತಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು, ಅಷ್ಟೇ. ಯಜಮಾನರ ಪೇಪರು ತಾನಾಗಿ ಕೆಳಗಿಳಿಯಿತು. ಹೊಸ ಮನೆ ನೋಡಲು ಹೋಗುವವರ ಕೈ ಹಾಗಿರುವುದಿಲ್ಲ.

ಒಂಬತ್ತನೇ ಸ್ಟೇಜಿನಲ್ಲಿ ಇಳಿದರು. ಅಲ್ಲಿ ಹನ್ನೊಂದನೇ ಬೋರ್ಡು, ಕಡ್ಡಿಯಂಥ, ಮಿತಭಾಷಿ ಹೆಂಗಸು, ಫೈಲು ಹಿಡಿದು ಕಾಯುತ್ತಿದ್ದಳು. ಮೂವರೂ ರಸ್ತೆ ದಾಟಿ ಆಸ್ಪತ್ರೆಯ ಗೇಟಿನೊಳಗೆ ಹೋದರು. ಯಜಮಾನರು ಇಪ್ಪತ್ತು ಹೆಜ್ಜೆ ಹಿಂದೆ. ಏಳನೇ ಬೋರ್ಡಿಗೆ ಏನೋ ಆಗಿದೆ, ಪಾಪ, ಎಂದುಕೊಂಡರು. ಹಾಗಂದುಕೊಳ್ಳುವಾಗ ಎದೆಯಲ್ಲಿ ಒಂದು ಬಗೆಯ ನಿರಾಳ ಆಗಿದ್ದನ್ನು ಆಮೇಲೆ ಅವರು ಯಾರಿಗೂ ಹೇಳಲಿಲ್ಲ.

ಉದ್ದನೆಯ ಓಣಿ. ಫಿನಾಯಿಲ್ ವಾಸನೆ. ಕೊನೆಯಲ್ಲಿ ಒಂದು ಕಾಯುವ ಕೋಣೆ, ಬಾಗಿಲ ಮೇಲೆ ಬೋರ್ಡು: ಸ್ತನ ಚಿಕಿತ್ಸಾ ವಿಭಾಗ. ಯಜಮಾನರು ಕಂಬದ ಮರೆಯಲ್ಲಿ ನಿಂತರು. ನರ್ಸ್ ಬಂದು ಹೆಸರು ಕೂಗಿದಳು. ಕೂಗಿದ್ದು ಅವರ ಹೆಂಡತಿಯ ಹೆಸರನ್ನು.

ಮರೆ ಬಿಟ್ಟು ಯಾವಾಗ ಬಂದರೋ, ಹೇಗೆ ಬಂದರೋ, ಕೋಣೆಯ ನಡುವೆ ನಿಂತು ಕೂಗುತ್ತಿದ್ದರು: "ಏನಿದು? ಏನು ನಡೀತಿದೆ ಇಲ್ಲಿ? ನನಗೆ ಗೊತ್ತಿಲ್ಲದೆ ಏನು ನಡೀತಿದೆ?"

ಬೆಂಚಿನ ಮೇಲಿದ್ದ ಹತ್ತು ಹದಿನೈದು ಹೆಂಗಸರು ತಲೆಯೆತ್ತಿದರು. ಹೆಂಡತಿ ಬೆಚ್ಚಲಿಲ್ಲ. ದಣಿದವಳಂತೆ ಕಣ್ಣು ಮುಚ್ಚಿ ತೆರೆದಳು. "ಟೋಪಿ ತೆಗೀರಿ. ಕೂತ್ಕೊಳ್ಳಿ." ನರ್ಸಿಗೆ "ಐದು ನಿಮಿಷ ಸಿಸ್ಟರ್" ಎಂದಳು.

ಕೂತರು.

"ಎಡಗಡೆ ಎದೇಲಿ ಗಂಟಿದೆ. ಸೂಜಿ ಹಾಕಿ ಪರೀಕ್ಷೆ ಮಾಡಿದ್ರು, ಒಳ್ಳೇದಲ್ಲ ಅಂತ ಬಂತು. ಸೋಮವಾರ ಆಪರೇಷನ್. ಭಾನುವಾರ ನಿಮಗೆ ಹೇಳೋದು ಅಂತಿತ್ತು."

"ಭಾನುವಾರ? ಅಂತಿತ್ತು ಅಂದ್ರೆ? ಯಾರಂತಿದ್ರು?"

ಏಳನೇ ಬೋರ್ಡು ಹೇಳಿದಳು: "ನಾವೆಲ್ಲ ಕೂತು ಯೋಚನೆ ಮಾಡಿದ್ವಿ ಭಾವ. ಭಾನುವಾರ ನಾನು, ಹನ್ನೊಂದು ಇಬ್ರೂ ಬರೋದು, ನಮ್ಮೆದುರಿಗೇ ಇವಳು ಹೇಳೋದು. ಸೋಮವಾರದಿಂದ ನಿಮ್ಮ ಜೊತೆ ದಿನಕ್ಕೊಬ್ಬರು. ನಿಮ್ಮ ಊಟ ಐದನೇ ಬೋರ್ಡಿಂದು, ಬಿ.ಪಿ. ಮಾತ್ರೆ ಒಂಬತ್ತರ ಜವಾಬ್ದಾರಿ."

ಅವರ ಕಿವಿ ಬಿಸಿಯಾಯಿತು. ಅವಳ ಕಾಯಿಲೆಗೆ ಯೋಜನೆ ಹಾಕಿದ್ದು ಸರಿ, ಅವರಿಗೂ ಹಾಕಿದ್ದಾರೆ! ರೋಗಿಗಿಂತ ದೊಡ್ಡ ರೋಗಿ ಎಂಬಂತೆ!

"ಗಂಡ ಕಣೇ ನಾನು! ನಲವತ್ತಾರು ವರ್ಷ! ಹೂವಿನಂಗಡಿಯವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ನಾನೇನು ಹೊರಗಿನವನಾ?"

ಹೆಂಡತಿ ದನಿ ಏರಿಸಲಿಲ್ಲ. "ಗರ್ಭಕೋಶ ತೆಗೆದಾಗ ಏನಾಯ್ತು, ನೆನಪಿದೆಯಾ?"

"ಇಲ್ದೆ? ಮೂರು ದಿನ ನಾನು ಊಟ..."

"ಮೂರು ದಿನ ಊಟ ಬಿಟ್ರಿ. ಡಾಕ್ಟರ ಹತ್ರ ಹೋಗಿ ನಿಮ್ಮ ಸರ್ಟಿಫಿಕೇಟ್ ತೋರ್ಸಿ ಅಂತ ಜಗಳ ಆಡಿದ್ರಿ. ಮೂರನೇ ದಿನ ತಲೆ ತಿರುಗಿ ಬಿದ್ರಿ. ನಿಮ್ಮನ್ನ ಪಕ್ಕದ ವಾರ್ಡಿಗೆ ಹಾಕಿದ್ರು. ನಾನು ಹೊಲಿಗೆ ಹಿಡ್ಕೊಂಡು, ಗೋಡೆ ಹಿಡ್ಕೊಂಡು ಬಂದು ನಿಮಗೆ ಗಂಜಿ ಕುಡಿಸಿದೆ. ಎಲ್ರಿಗೂ ನೀವು ಅದನ್ನ ಹೆಮ್ಮೆಯಿಂದ ಹೇಳ್ತೀರಿ. ನಾನೂ ನಕ್ಕು ಸುಮ್ಮನಿರ್ತೀನಿ." ಅವಳು ಶಾಲು ಸರಿಮಾಡಿಕೊಂಡಳು. "ಆಗ ನನಗೆ ನಲವತ್ತೆಂಟು. ಈಗ ಆಗಲ್ಲ ರೀ. ನನ್ನ ಭಯ ನನಗೇ ಸಾಕಾಗಿದೆ. ನಿಮ್ಮದನ್ನೂ ಹೊರೋಕೆ ಆಗಲ್ಲ."

ಇಪ್ಪತ್ತೆರಡು ವರ್ಷ ತಾವು ಎದೆಗೆ ಸಿಕ್ಕಿಸಿಕೊಂಡು ಓಡಾಡಿದ ಪದಕವನ್ನು ಯಾರೋ ತಿರುಗಿಸಿ ಹಿಂಬದಿ ತೋರಿಸಿದಂತಾಯಿತು ಯಜಮಾನರಿಗೆ. ಹಣೆ ಬೆವರಿತು. ಹೆಂಡತಿ ಅದನ್ನು ಕಂಡಳು, ಅಭ್ಯಾಸಬಲದಿಂದ "ನೀರು ತರ್ತೀನಿ" ಎಂದು ಏಳಹೋದಳು.

"ಬೇಡ," ಅಂದರು ಅವರು. "ನೀನು ಕೂತ್ಕೋ. ಬೇಡ."

ಹನ್ನೊಂದನೇ ಬೋರ್ಡು ಎದ್ದು ನೀರು ತಂದುಕೊಟ್ಟಳು. ಒಳಗಿಂದ ನರ್ಸ್ ಮತ್ತೆ ಕೂಗಿದಳು, ಹೆಂಡತಿ ಹೋದಳು. ಆಗ ಏಳನೇ ಬೋರ್ಡು ಪಕ್ಕಕ್ಕೆ ಸರಿದು ಕೂತು ಮೆಲ್ಲಗೆ ಅಂದಳು: "ಭಾವ, ಅಳಬೇಕಾ, ಅತ್ಕೊಳ್ಳಿ. ಹೆದರಬೇಕಾ, ಹೆದರ್ಕೊಳ್ಳಿ. ಆದರೆ ಇವಳ ಹತ್ರ ಬೇಡ. ಬೇರೆ ಯಾರ ಹತ್ರಾನಾದ್ರೂ ಹೋಗಿ ಹೇಳ್ಕೊಳ್ಳಿ."

"ಯಾರ ಹತ್ರ?"



ಶನಿವಾರ ಇಡೀ ಬೆಳಿಗ್ಗೆ ಅವರು ಅದನ್ನೇ ಯೋಚಿಸಿದರು. ಹಾಲ್‌ನಲ್ಲಿ ಹೆಂಡತಿ ಫೋನಿನಲ್ಲಿ ಮಾತಾಡುತ್ತಿದ್ದಳು. ನಡುನಡುವೆ ನಗುತ್ತಿದ್ದಳು ಕೂಡ. ಈ ಹೆಂಗಸರು ಇಂಥದ್ದರಲ್ಲೂ ಹೇಗೆ ನಗುತ್ತಾರೋ!  ಅವಳ ಮುಂದೆ ಬಾಯಿ ಬಿಟ್ಟರೆ ಯಜಮಾನರಿಗೆ ಅಳು ಬರುತ್ತಿತ್ತು. ಹನ್ನೊಂದು ಗಂಟೆಗೆ ಎದ್ದು ಕೆಳಗಿಳಿದರು.

ನೆಲಮಹಡಿಯಲ್ಲಿ ಬೀಗದ ಮೇಸ್ತ್ರಿ ಇದ್ದ. ಬೀದಿಯ ಮೂಲೆಯಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟಿದ್ದವನು, ಈಗ ಮುಚ್ಚಿದ್ದಾನೆ. ಇದ್ದೊಬ್ಬ ಮಗ ಮದುವೆಯೇ ಬೇಡವೆಂದು ಹಡಗಿನ ಕೆಲಸಕ್ಕೆ ಹೋದವನಾದ್ದರಿಂದ, "ಊರಿಗೆಲ್ಲ ಬೀಗದವನು, ಯಾರಿಗೂ ಬೀಗನಲ್ಲ" ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಹದಿನೇಳು ವರ್ಷದ ನೆರೆಹೊರೆ. ಯಜಮಾನರು ಅವನಿಗೆ ತಲೆಯಾಡಿಸಿದ್ದಕ್ಕಿಂತ ಹೆಚ್ಚಿಗೆ ಏನೂ ಮಾಡಿರಲಿಲ್ಲ. ಯಾವ ಬೀಗವನ್ನಾದರೂ ತೆಗೆಯಬಲ್ಲವನನ್ನು ಹತ್ತಿರ ಬಿಟ್ಟುಕೊಳ್ಳಬಾರದು ಎನ್ನುವುದು ಸಾಮಾನ್ಯ ತಿಳಿವಳಿಕೆ.

"ನಮ್ಮನೆ ಬೀಗ ಸ್ವಲ್ಪ ಬಿಗಿ ಆಗಿದೆ," ಅಂದರು ಬಾಗಿಲಲ್ಲಿ ನಿಂತು.

ಮೇಸ್ತ್ರಿ ಎಣ್ಣೆ ಡಬ್ಬಿ ಹಿಡಿದು ಮೂರು ಮಹಡಿ ಹತ್ತಿದ. ಬೀಗದಕೈ ಹಾಕಿ ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಕಿವಿಯಿಟ್ಟು ಕೇಳಿದ. ಆಮೇಲೆ ಎಣ್ಣೆ ಡಬ್ಬಿಯ ಮುಚ್ಚಳ ಹಾಕಿದ.

"ಬೀಗಕ್ಕೇನೂ ಆಗಿಲ್ಲ ಯಜಮಾನ್ರೇ. ನಿಮಗೇನಾಗಿದೆ?"

ಯಜಮಾನರು ಅವನ ಕೈ ನೋಡಿದರು. ಗೆಣ್ಣುಗಳಲ್ಲಿ ಹಳೆಯ ಮಸಿ. ಆರಾಮಾಗಿ ನಿಂತಿದ್ದ ಕೈ. "ಕೆಳಗೆ ಹೋಗೋಣ," ಅಂದರು, "ಇಲ್ಲಿ ಬೇಡ."

ಮೆಟ್ಟಿಲಿನ ಕೊನೆಯ ತಿರುವಿನಲ್ಲೇ, ನೀರಿನ ಮೀಟರುಗಳ ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟರು. ಹೇಳುತ್ತ ಹೇಳುತ್ತ ದನಿ ಒಡೆಯಿತು. ಮೇಸ್ತ್ರಿ ಸಮಾಧಾನ ಹೇಳಲಿಲ್ಲ. ಒಳಗೆ ಕರೆದು ಕುರ್ಚಿ ಕೊಟ್ಟು ಚಹಾ ಮಾಡಿದ. ಗೋಡೆಯ ಮೇಲೆ ಅವನ ಹೆಂಡತಿಯ ಫೋಟೋ ಇತ್ತು.

"ಇವಳು ಹೋಗಿ ನಾಲ್ಕು ವರ್ಷ ಆಯ್ತು. ಆಗ ನಿಮ್ಮನೆಯವರು ಹದಿನೈದು ದಿನ ಊಟ ಕಳಿಸಿದ್ರು. ನೀವು ಬಾಲ್ಕನಿಯಿಂದ ನೋಡ್ತಿದ್ರಿ."

ನಿಜ. ಯಾರು ಬರುತ್ತಾರೆ, ಯಾರು ಹೋಗುತ್ತಾರೆ, ಯಾವ ಚೀಲದಲ್ಲಿ ಏನಿದೆ ಎಂದು ಆಗ ನೋಡಿದ್ದರು. ಒಂದು ಸಲವೂ ಇಳಿದಿರಲಿಲ್ಲ. 

"ಆಮೇಲೆ ಏನು ಮಾಡಿದೆ?"

"ಏನು ಮಾಡ್ತೀನಿ? ಅವಳಿದ್ದಾಗ ಊರಿನ ಸುದ್ದಿ, ನೆಂಟರ ಸುದ್ದಿ ಎಲ್ಲ ಅವಳ ಮೂಲಕಾನೇ ಬರ್ತಿತ್ತು. ಅವಳು ಹೋದ್ಮೇಲೆ ಯಾರೂ ಬರಲಿಲ್ಲ. ಹನ್ನೊಂದು ದಿನ ನಾನು ಒಂದು ಮಾತೂ ಆಡಿರಲಿಲ್ಲ ಅಂತ ಒಂದಿನ ಹೊಳೀತು. ಅಂಗಡಿಗೆ ಹೋಗಿ ಸುಮ್ನೆ ಬೆಂಕಿಪೊಟ್ಟಣದ ಬೆಲೆ ಕೇಳಿ ಬಂದೆ, ದನಿ ಇದೆಯಾ ನೋಡೋಕೆ." ಮೇಸ್ತ್ರಿ ಲೋಟ ಕೆಳಗಿಟ್ಟ. "ಸೋಮವಾರ ಆಸ್ಪತ್ರೆಗೆ ನಾನೂ ಬರ್ತೀನಿ."

ಯಜಮಾನರ ಹಳೆಯ ಕಣ್ಣು ತಟ್ಟನೆ ಎಚ್ಚರಾಯಿತು. "ನೀನ್ಯಾಕೆ? ನಿನಗೇನು ಆಗಬೇಕು ಇದರಿಂದ?"

"ಏನೂ ಆಗಬೇಕಿಲ್ಲ. ಸೋಮವಾರ ನನಗೆ ಕೆಲಸ ಇಲ್ಲ. ಮಂಗಳವಾರವೂ ಇಲ್ಲ."

ಸೋಮವಾರ ಎಂಟು ಗಂಟೆಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಕಾಯುವ ಕೋಣೆಯಲ್ಲಿ ಒಂದು ಬೆಂಚಿನ ತುಂಬ ಬೋರ್ಡುಗಳು. ಎದುರು ಬೆಂಚಿನಲ್ಲಿ ಯಜಮಾನರು ಮತ್ತು ಮೇಸ್ತ್ರಿ. ಹೆಂಗಸರು ಇವರನ್ನು ಓರೆಗಣ್ಣಿನಲ್ಲಿ ಕಾಯುತ್ತಿದ್ದರು, ಈಗ ಬೀಳುತ್ತಾರೋ ಇನ್ನೊಂದು ಗಳಿಗೆಗೆ ಬೀಳುತ್ತಾರೋ ಎಂಬಂತೆ. ಒಂಬತ್ತನೇ ಬೋರ್ಡು ಮಾತ್ರೆ ಕೊಟ್ಟು ನುಂಗುವ ತನಕ ಎದುರಿಗೇ ನಿಂತಳು. ಹತ್ತು ಗಂಟೆಗೆ ಹಸಿರು ಬಟ್ಟೆಯ ಡಾಕ್ಟರೊಬ್ಬ ಓಣಿಯಲ್ಲಿ ಹಾದುಹೋದ. ಬಹಳ ಚಿಕ್ಕ ವಯಸ್ಸಿನವನು. ಇವನೇ ಏನು ಕತ್ತರಿಸುವವನು? ಇವನಿಗೆ ಪರವಾನಗಿ ಇದೆಯೋ? ಯಜಮಾನರು ಎದ್ದೇ ಬಿಟ್ಟಿದ್ದರು. ಅಂಗಿಯ ತೋಳು ಜಗ್ಗಿತು. ಮೇಸ್ತ್ರಿ ಹಿಡಿದಿದ್ದ.

"ಬಾಯಿ ಒಣಗಿದೆ ನಿಮಗೆ. ಬ್ರೆಡ್ ತಿನ್ನೋಣ ಬನ್ನಿ."

"ನನಗೆ ಇಳಿಯಲ್ಲ."

"ಇಳಿಯಲ್ಲ ಅಂದ್ರೆ ನೂಕಬೇಕು. ಇವತ್ತು ಉಪವಾಸ ಬಿದ್ದು ಯಾರ ಮೇಲೆ ಉಪಕಾರ ಹೊರಿಸ್ತೀರಿ?"

ಬೇರೆ ಯಾರಾದರೂ ಹಾಗಂದಿದ್ದರೆ ಜಗಳವಾಗುತ್ತಿತ್ತು. ಯಜಮಾನರು ಕ್ಯಾಂಟೀನಿನ ಒಣ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಅದ್ದಿ, ಔಷಧಿ ನುಂಗಿದಂತೆ ನಾಲ್ಕು ಚೂರು ನುಂಗಿದರು.

ಮಧ್ಯಾಹ್ನ ನರ್ಸ್ ಬಂದು, ಆಪರೇಷನ್ ಸರಿಯಾಗಿ ಆಗಿದೆ, ಎಚ್ಚರ ಬರುತ್ತಿದೆ, ಒಬ್ಬರು ಮಾತ್ರ ಒಳಗೆ ಬರಬಹುದು ಅಂದಳು. ಯಜಮಾನರು ಆಗಲೇ ಎದ್ದು ಅಂಗಿ ಸರಿಮಾಡಿಕೊಂಡು ಬಾಗಿಲ ತನಕ ಹೋಗಿದ್ದರು. ನರ್ಸ್ ನಗುತ್ತ ಅಂದಳು: "ಅಮ್ಮಂದು ಒಳ್ಳೇ ಕಥೆ. ಮಲಗಿರೋರು ಅವರು, ನಿಂತಿರೋ ನಮಗೆ ಏಳು, ಏಳು ಅಂತಿದಾರೆ."

ಕೋಣೆಯಲ್ಲಿ ಉಳಿದ ಯಾರಿಗಾದರೂ ಅದು ನಗುವ ಮಾತಾಗಿತ್ತೋ ಏನೋ. ಬೋರ್ಡುಗಳ ಬೆಂಚು ಸ್ತಬ್ಧವಾಯಿತು. ಏಳನೇ ಬೋರ್ಡು ತಲೆ ತಗ್ಗಿಸಿ ಚೀಲದ ಹಿಡಿಕೆಯನ್ನು ತಿರುವುತ್ತ ಕೂತಳು. ಅವಳು ಏಳಲಿಲ್ಲ. ಅವಳ ಕೈ ಮಾತ್ರ ಎದ್ದು ಹೋಗಲು ಚಡಪಡಿಸುತ್ತಿತ್ತು.

ಯಜಮಾನರು ಬಾಗಿಲ ಚೌಕಟ್ಟನ್ನು ಹಿಡಿದು ನಿಂತರು. ನಲವತ್ತಾರು ವರ್ಷದ ಗಂಡನೆಂಬ ಹಕ್ಕಿನಲ್ಲಿ ಒಳಗೆ ನುಗ್ಗಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ.  ತಿರುಗಿ ಬಂದರು.

"ಹೋಗಮ್ಮ," ಅಂದರು ಏಳನೇ ಬೋರ್ಡಿಗೆ. "ನಿನ್ನನ್ನೇ ಕರೀತಿದಾಳೆ."

"ಭಾವ..."

"ಹೋಗು ಅಂದೆನಲ್ಲ. ಬಂದು ನನಗೆ ಹೇಳು, ಹೇಗಿದಾಳೆ ಅಂತ."

ಅವಳು ಹೋದಳು. ಯಜಮಾನರು ಓಣಿಯ ಕೊನೆಯ ಕಿಟಕಿಗೆ ಹೋಗಿ ಆಚೆಗೆ ಮುಖ ಮಾಡಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಮೇಸ್ತ್ರಿಯೂ ಬಂದು ಪಕ್ಕದಲ್ಲಿ ನಿಂತು, ಕಾರು ನಿಲ್ಲಿಸುವ ಜಾಗದಲ್ಲಿ ಯಾರ ಕಾರು ಯಾರದಕ್ಕೆ ಅಡ್ಡ ಬಂದಿದೆ ಎಂದು ನೋಡತೊಡಗಿದ. ಯಜಮಾನರ ಹೆಗಲು ಕುಲುಕುವುದು ನಿಲ್ಲುವ ತನಕ ಅವನು ಬಹಳ ಮನಸ್ಸಿಟ್ಟು ಕಾರುಗಳನ್ನೇ ನೋಡಿದ.

ಹನ್ನೆರಡು ದಿನದ ಮೇಲೆ ವರದಿ ಬಂತು. ರೋಗ ಆಚೀಚೆ ಹರಡಿರಲಿಲ್ಲ. ಜನ "ಕರೆಂಟು ಕೊಡೋದು" ಅನ್ನುವ ವಿಕಿರಣ ಚಿಕಿತ್ಸೆ ಮಾತ್ರ ಬೇಕು, ವಾರಕ್ಕೆ ಐದು ದಿನದಂತೆ ಐದು ವಾರ ಎಂದರು ಡಾಕ್ಟರು. ಹೆಂಗಸರು ಹಾಲ್‌ನಲ್ಲಿ ಕೂತು ದಿನ ಹಂಚಿಕೊಂಡರು. ಸೋಮವಾರ ಏಳು, ಮಂಗಳವಾರ ಹನ್ನೊಂದು, ಬುಧವಾರ ಐದು ಎಂದು ಬರೆಯುತ್ತಿರುವಾಗ ಯಜಮಾನರು ಬಾಲ್ಕನಿಯಿಂದ ಒಳಗೆ ಬಂದರು.

"ಗುರುವಾರ ನಾನು ಹೋಗ್ತೀನಿ."

ಪೆನ್ನು ನಿಂತಿತು. ಏಳನೇ ಬೋರ್ಡು ಅವರನ್ನು ದಿಟ್ಟಿಸಿದಳು. ಈಗ ತಪಾಸಣೆ ಅವಳದ್ದು. "ಅಲ್ಲಿ ಡಾಕ್ಟರ ಕಾರ್ಡ್ ಕೇಳಲ್ಲ ತಾನೆ ಭಾವ?"

"ಕೇಳಲ್ಲ."

"ಊಟ ಮಾಡ್ಕೊಂಡು ಹೋಗ್ತೀರಿ?"

"ಮಾಡ್ಕೊಂಡು ಹೋಗ್ತೀನಿ."

"ನೀವೇ ಬಿದ್ರೆ?"

"ಬೀಗದ ಮೇಸ್ತ್ರಿಗೆ ಹೇಳಿದೀನಿ. ಬಿದ್ರೆ ಅವನು ಎತ್ಕೊಂಡು ಬರ್ತಾನೆ. ನೀವ್ಯಾರೂ ಎತ್ತಬೇಕಾಗಿಲ್ಲ."

 "ಒಂದು ವಾರ ನೋಡೋಣ," ಅಂದಳು ಹೆಂಡತಿ. ಅವಳ ದನಿಯಲ್ಲಿ ನಂಬಿಕೆಗಿಂತ ಅನುಮಾನವೇ ಹೆಚ್ಚಿತ್ತು. ಅದು ನ್ಯಾಯವೆಂದು ಯಜಮಾನರಿಗೆ ತೋರಿತು.

ಮೊದಲ ಗುರುವಾರ ಬಸ್ಸಿನಲ್ಲಿ ಜೊತೆಯಾಗಿ ಕೂತರು, ಅವಳು ಕಿಟಕಿಯ ಕಡೆ.  ಸೇತುವೆ ದಾಟುವಾಗ ಅವಳು ಹೊರಗೆ ನೋಡುತ್ತಲೇ ಅಂದಳು: "ಆ ಯಂತ್ರದ ಕೆಳಗೆ ಮಲಗಿಸಿ ಎಲ್ರೂ ಆಚೆ ಹೋಗ್ಬಿಡ್ತಾರೆ ರೀ. ಬಾಗಿಲು ಹಾಕ್ತಾರೆ. ಆಗ ಭಯ ಆಗತ್ತೆ."

ಏನೂ ಆಗಲ್ಲ ಬಿಡು, ನಾನಿದೀನಲ್ಲ, ಆ ಡಾಕ್ಟರನ್ನ ಒಂದು ಮಾತು ಕೇಳ್ತೀನಿ ತಾಳು.

ಇಷ್ಟೂ ಮಾತು ಯಜಮಾನರ ನಾಲಿಗೆಯ ತುದಿಗೆ ಸಾಲಾಗಿ ಬಂದು ನಿಂತಿತು.  ತಮ್ಮ ಭಯವನ್ನು ಸಂಜೆ ಮೇಸ್ತ್ರಿಗೆ ಹೇಳಬಹುದು.

"ಎಷ್ಟು ಹೊತ್ತು ಮಲಗಿಸ್ತಾರೆ?" ಎಂದು ಕೇಳಿದರು.

ಅವಳು ಅವರ ಕಡೆ ತಿರುಗಿದಳು. ಒಂದು ಕ್ಷಣ ಅವರ ಮುಖ ನೋಡಿ, ಆಮೇಲೆ ಅವರ ಕೈ ನೋಡಿ, ಹೇಳತೊಡಗಿದಳು.